ಮೋರಿಯಲ್ಲಿ ಕಳೆದುಹೋದ ನೀರು

ಬೇಲೂರು
೧೬ ಫೆಬ್ರವರಿ ೨೦೨೫, ಭಾನುವಾರ

ಅಕ್ಷತಾ,

ನಿನ್ನೆ ಊರಿಗೆ ಹೋಗಿದ್ದೆ. ಅಮ್ಮನ ಪಿಂಚಣಿಯ ಕಾಗದಕ್ಕೆ ಸಹಿ ಹಾಕಿಸಲು ಪಂಚಾಯಿತಿ ಕಚೇರಿಗೆ ಹೋದಾಗ ಬಾಗಿಲ ಪಕ್ಕದ ಗೋಡೆಯಲ್ಲಿ ನಮ್ಮ ಕೆರೆಯ ನಕ್ಷೆ ಕಂಡಿತು. ಚಿಕ್ಕಮರಡಿ ಕೆರೆಯ ಕೋಡಿಯನ್ನು ಎತ್ತರಿಸಿ, ವರ್ಷವಿಡೀ ನೀರು ನಿಲ್ಲಿಸಿ, ಹಳೇಬೀಡು ನೋಡಲು ಬರುವವರಿಗಾಗಿ ದೋಣಿ ಬಿಡುತ್ತಾರಂತೆ. ಒಂದು ವೇಳೆ ಏರಿ ಒಡೆದರೆ ನೀರು ಎಲ್ಲಿಗೆಲ್ಲ ನುಗ್ಗುತ್ತದೆ ಎಂದು ತೋರಿಸುವ ನಕ್ಷೆ ಅದು. ಕೆಳಗೆ ನಿನ್ನ ಸಂಸ್ಥೆಯ ಹೆಸರಿತ್ತು. ಅದರ ಕೆಳಗೆ, ‘ಲೆಕ್ಕದ ವಿಧಾನ: ಡಾ. ಭಾಗ್ಯ, ಚಿಕ್ಕಮರಡಿ’.

ನನಗೆ ಯಾರೂ ಹೇಳಿರಲಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಹೆಸರು ಬಿಟ್ಟು ಊರಿನ ಹೆಸರು ಹಾಕಿದ್ದು ಯಾಕೆ ಎಂದೂ ತಿಳಿಯಲಿಲ್ಲ.

ನೀಲಿ ಚುಕ್ಕೆಗಳನ್ನು ನೋಡಿದ ಕೂಡಲೇ ಗುರುತು ಹತ್ತಿತು. ಎಂ.ಟೆಕ್. ಓದುವಾಗ ನಾವಿಬ್ಬರೂ ಸೇರಿ ಬರೆದ ಪ್ರೋಗ್ರಾಂ. ಆದರೆ ನಿನ್ನ ನಕ್ಷೆಯಲ್ಲಿ ನೀಲಿ ರಸ್ತೆಯವರೆಗೆ ಬಂದು ನಿಂತುಬಿಡುತ್ತದೆ. ರಸ್ತೆಯಾಚೆ ನಮ್ಮ ಕೆಳಗೇರಿ ಬಿಳಿಯಾಗಿಯೇ ಉಳಿದಿದೆ. ಬರೀ ಕೋಡಿ ಬಿದ್ದ ವರ್ಷಗಳಲ್ಲೇ ನಮ್ಮ ಮನೆಯ ಹೊಸಿಲಿಗೆ ನೀರು ಬಂದದ್ದನ್ನು ನಾನು ನೋಡಿದ್ದೇನೆ. ಏರಿಯೇ ಒಡೆದಾಗ ಬರುವುದಿಲ್ಲ ಎಂದರೆ ಹೇಗೆ?

ನೆಲದ ಅಳತೆಯ ಫೈಲನ್ನೂ ನೀನು ಓಡಿಸಿದ ಪ್ರೋಗ್ರಾಮನ್ನೂ ಕಳಿಸು. ಕೋಡಿಯ ಕೆಲಸ ಮಳೆಗೆ ಮುಂಚೆ ಮುಗಿಯಬೇಕಂತೆ, ಹಾಗಾಗಿ ತಡಮಾಡಬೇಡ. ಒಂದು ಬಸ್ಸಿನ ದೂರದಲ್ಲಿರುವವಳು ಕಾಗದ ಯಾಕೆ ಬರೆದಳು ಎಂದು ನಗಬೇಡ. ಫೋನಿನಲ್ಲಿ ನೀನು ಬೇರೆ ಮಾತಿಗೆ ಹೊರಳುತ್ತೀಯ. ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿ ಮುಗಿಸುತ್ತೀಯ.

ಭಾಗ್ಯ


ಅರಸೀಕೆರೆ
೨೭ ಫೆಬ್ರವರಿ ೨೦೨೫

ಭಾಗ್ಯಾ,

ನಿನ್ನ ಲಕೋಟೆ ನೋಡಿ ಅಪ್ಪಾಜಿ ‘ಯಾರ ಮದುವೆ ಕರೆಯೋಲೆಯಮ್ಮಾ’ ಅಂದರು. ಶಿವರಾತ್ರಿ ಜಾಗರಣೆ ಮುಗಿಸಿ ಹಾಗೇ ಆಫೀಸಿಗೆ ಬಂದು ಕೂತಿದ್ದೇನೆ, ಕಣ್ಣು ಉರಿಯುತ್ತಿದೆ. ಕೆಳಗೆ ಮಂಡಿಯಲ್ಲಿ ಕೊಬ್ಬರಿ ಸುರಿಯುತ್ತಿದ್ದಾರೆ, ಆ ಘಾಟಿಗೆ ತಲೆ ಬೇರೆ ನೋವು. ಏನಾದರೂ ತಪ್ಪು ಬರೆದರೆ ನಿನ್ನ ಕೆಂಪು ಪೆನ್ನಿನಲ್ಲಿ ತಿದ್ದಿಕೋ ಮೇಡಂ.

ಹೆಸರು ಹಾಕಿದ್ದು ಗೌರವಕ್ಕೆ ಕಣೇ. ಹಾಕದೇ ಇದ್ದಿದ್ದರೆ ಕದ್ದಳು ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನಿನ್ನ ಹೆಸರಿನಿಂದಲೇ ಊರಿನ ಒಪ್ಪಿಗೆ ಪಡೆಯುವ ಸಭೆ ದಡ ಸೇರಿತು. ನಿಮ್ಮೂರಿನವರು ಮೊದಲು ಸುಮ್ಮನೆ ಗುರಾಯಿಸುತ್ತಾ ಕೂತಿದ್ದರು. ನಿಮ್ಮ ದೊಡ್ಡಪ್ಪ ದ್ಯಾವಯ್ಯನವರು ಎದ್ದು ನಿಂತು ‘ಈ ಚುಕ್ಕೆ ಇಟ್ಟೋರ್ಯಾರವ್ವ?’ ಅಂದರು. ನಿನ್ನ ಹೆಸರು ಹೇಳಿದೆ. ‘ನಮ್ಮುಡುಗಿ ಲೆಕ್ಕ ಅಂದ್ಮೇಲೆ ಮುಗೀತು ಬಿಡು, ಹೆಬ್ಬೆಟ್ಟು ಎಲ್ಲಿ ಒತ್ತಬೇಕು ತೋರ್ಸು’ ಅಂತ ಅಲ್ಲೇ ಕೂತರು. ಇಡೀ ಸಭೆ ನಕ್ಕಿತು. ನೀನಿರಬೇಕಿತ್ತು.

ಕೆಳಗೇರಿಗೆ ನೀರು ಬರದೇ ಇರುವುದಕ್ಕೆ ರಸ್ತೆಯೇ ಕಾರಣ. ರಸ್ತೆ ಎತ್ತರ ಇದೆ, ಗೋಡೆ ಥರ ತಡೆಯುತ್ತೆ. ಅಲ್ಲೊಂದು ಇಲ್ಲೊಂದು ನೀರಿನ ಕಣ ಗೋಡೆ ಹಾರಿ ಆಚೆ ಬಿದ್ದಿದ್ದವು. ಅದು ನಮ್ಮ ಪ್ರೋಗ್ರಾಮಿನಲ್ಲಿ ಯಾವಾಗಲೂ ಇದ್ದದ್ದೇ, ಗುಡಿಸಿ ಹಾಕಿದ್ದೀವಿ. ನಂಬಿಕೆಯಿಲ್ಲದಿದ್ದರೆ ಪೆನ್‌ಡ್ರೈವ್ ಇದರ ಜೊತೆಯಲ್ಲೇ ಇಟ್ಟಿದ್ದೇನೆ, ನೋಡಿಕೋ.

ನಿಮ್ಮೂರಿನಲ್ಲಿ ನಿಂತಾಗ ಹಳೆಯದು ನೆನಪಾಯಿತು. ಹಳೇಬೀಡು ನೋಡಿಕೊಂಡು, ಬಸ್ ತಪ್ಪಿಸಿಕೊಂಡು, ನಿಮ್ಮ ಮನೆಗೆ ಬಂದಿದ್ದೆವಲ್ಲ. ನಿಮ್ಮಮ್ಮ ಹನುಮಮ್ಮನವರು ರಾಗಿ ರೊಟ್ಟಿ ತಟ್ಟಿದ್ದರು. ನನಗೆ ಸೋಮವಾರದ ಉಪವಾಸ, ಎಳನೀರು ಕುಡಿದು ಎದ್ದೆ. ಅಮ್ಮನನ್ನು ಕೇಳಿದೆ ಅಂತ ಹೇಳು.

ನಿನ್ನ
ಅಕ್ಷತಾ


ಬೇಲೂರು
೨೩ ಮಾರ್ಚ್ ೨೦೨೫

ಅಕ್ಷತಾ,

ಕಾಲೇಜಿನ ಲ್ಯಾಬಿನಲ್ಲಿ ನಿನ್ನ ಫೈಲುಗಳನ್ನು ಓಡಿಸಿದೆ. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಮುಂದೆ ಇದನ್ನು ಬೇರೆಯವರೂ ಓದಬೇಕಾಗಬಹುದು.

ನಮ್ಮ ಲೆಕ್ಕದಲ್ಲಿ ನೆಲದ ಮೇಲೆ ಜಾಲರಿ ಹರಡಿ ಒಂದೊಂದು ಚೌಕದಲ್ಲಿ ಎಷ್ಟು ನೀರು ಎಂದು ಕೇಳುವುದಿಲ್ಲ. ನೀರನ್ನೇ ಕಣಗಳಾಗಿ ಹಂಚುತ್ತೇವೆ. ಒಂದೊಂದು ಕಣವೂ ತನ್ನ ಪಾಲಿನ ನೀರು ಹೊತ್ತುಕೊಂಡು ಇಳಿಜಾರು ಹಿಡಿದು ಹೊರಡುತ್ತದೆ. ತಾನಿರುವಲ್ಲಿ ಆಳ ಎಷ್ಟು ಎಂಬುದನ್ನು ಅದು ಸುತ್ತಲಿನ ಕಣಗಳಿಂದ ತಿಳಿಯುತ್ತದೆ. ಅಕ್ಕಪಕ್ಕ ಹೆಚ್ಚು ಕಣಗಳಿದ್ದರೆ ಆಳ ಹೆಚ್ಚು. ಹೊಲ, ಓಣಿ, ರಸ್ತೆಗಳ ಮೇಲೆ ತೆಳ್ಳಗೆ ಹರಡುವ ನೀರಿಗೆ ಈ ವಿಧಾನವನ್ನೇ ಆರಿಸಿಕೊಂಡದ್ದಕ್ಕೆ ನಮಗಿದ್ದ ದೊಡ್ಡ ಕಾರಣ, ಇದರಲ್ಲಿ ನೀರು ಕಳೆದುಹೋಗುವುದಿಲ್ಲ. ಕೆರೆಯಿಂದ ಹೊರಟಷ್ಟೂ ಕಡೆಗೆ ಎಲ್ಲಾದರೂ ಇರಲೇಬೇಕು.

ನಿನ್ನ ನಕ್ಷೆಯಲ್ಲಿ ಇಲ್ಲ. ಕೂಡಿ ನೋಡಿದೆ. ಹೊರಟ ನೀರಿನಲ್ಲಿ ಸುಮಾರು ಆರನೇ ಒಂದು ಪಾಲು ಎಲ್ಲೂ ಸಿಗುವುದಿಲ್ಲ.

ಅದೆಲ್ಲ ಕಾಣೆಯಾಗಿರುವುದು ಒಂದೇ ಕಡೆ. ರಸ್ತೆಯ ಕೆಳಗಿನ ಮೋರಿಯ ಬಾಯಲ್ಲಿ. ಅಳತೆಗೆ ಬಂದವರು ಅಲ್ಲಿ ಸರಿಯಾಗಿಯೇ ಕಿಂಡಿ ಬಿಟ್ಟಿದ್ದಾರೆ. ಕಣಗಳು ಅದರಲ್ಲಿ ತೂರಿ ಒಂದೊಂದಾಗಿ ಕೆಳಗೇರಿಯ ಕಡೆಗೆ ಹೊರಬರುತ್ತವೆ. ಒಂದೊಂದಾಗಿ ಬರುವುದರಿಂದ ಅಕ್ಕಪಕ್ಕ ಬೇರೆ ಕಣವಿರುವುದಿಲ್ಲ. ಅಕ್ಕಪಕ್ಕ ಯಾರೂ ಇಲ್ಲದ ಕಣವನ್ನು ಪ್ರೋಗ್ರಾಂ ಗೋಡೆ ಹಾರಿದ ತಪ್ಪು ಕಣವೆಂದು ತಿಳಿದು ಅಳಿಸಿಹಾಕುತ್ತದೆ. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಇಲ್ಲ. ಹೀಗಾಗಿ ಎಷ್ಟು ಹೊತ್ತು ಬಂದರೂ ನಮ್ಮ ಕೇರಿಯಲ್ಲಿ ನೀರು ಸೇರುವುದೇ ಇಲ್ಲ.

ಆ ಗುಡಿಸುವ ಭಾಗ ನೀನು ಬರೆದದ್ದು. ನಾನು ಅದಕ್ಕೆ ಒಂದು ಸಾಲು ಸೇರಿಸಿದ್ದೆ, ಗುಡಿಸಿದ ನೀರು ಎಷ್ಟು ಎಂದು ಕೊನೆಯಲ್ಲಿ ಹೇಳುವಂತೆ. ನೀನು ಕಳಿಸಿದ ಪ್ರೋಗ್ರಾಮಿನಲ್ಲಿ ಆ ಸಾಲಿಲ್ಲ.

ಮೋರಿ ನಿನಗೆ ಗೊತ್ತಿಲ್ಲದ್ದೇನೂ ಅಲ್ಲ. ಮೇಲಿನ ಬೀದಿಯಲ್ಲಿ ಹಾಯಬಾರದೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ನಮಗೆ ಬಿಟ್ಟ ದಾರಿ ಅದು. ಈಗ ಹಾಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ಕಾಲಿಗೆ ಅದೇ ಅಭ್ಯಾಸ. ಬಸ್ಸು ತಪ್ಪಿದ ದಿನ ನಿನ್ನನ್ನು ಕರೆದುಕೊಂಡು ಹೋದದ್ದೂ ಅದರೊಳಗೇ. ‘ತಲೆ ಬಗ್ಸಿ ಅಕ್ಕಾವ್ರೆ, ಕಲ್ಲು ಹೊಡೀತದೆ’ ಎನ್ನುತ್ತಾ ಲಕ್ಷ್ಮೀಶಣ್ಣ ಮುಂದೆ ನಡೆದ. ನೀನು ವೇಲನ್ನು ಮೂಗಿಗೆ ಹಿಡಿದುಕೊಂಡು ಹಿಂದೆ ಬಂದೆ.

ನಕ್ಷೆಯನ್ನು ವಾಪಸು ತೆಗೆದುಕೋ. ತಪ್ಪು ತಿದ್ದಿ ಮತ್ತೆ ಓಡಿಸೋಣ, ನಾನು ಜೊತೆಗೆ ಕೂರುತ್ತೇನೆ.

ಭಾಗ್ಯ


ಅರಸೀಕೆರೆ
೭ ಏಪ್ರಿಲ್ ೨೦೨೫

ಭಾಗ್ಯ,

‘ಬೇರೆಯವರೂ ಓದಬೇಕಾಗಬಹುದು.’ ನೀನು ಬರೆದದ್ದು ಕಾಗದವೋ ನೋಟೀಸೋ?

ವೇಲು ಮೂಗಿಗೆ ಹಿಡಿದದ್ದನ್ನು ನೆನಪಿಟ್ಟುಕೊಂಡಿದ್ದೀಯ. ಒಂದೇ ಹಾಸ್ಟೆಲ್ ರೂಮಿನಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದಾಗೆಲ್ಲ ಅದನ್ನು ಎಲ್ಲಿ ಬಚ್ಚಿಟ್ಟಿದ್ದೆ? ಅಲ್ಲಿ ಸಗಣಿ ನೀರಿತ್ತು. ಯಾರಾಗಿದ್ದರೂ ಹಿಡಿಯುತ್ತಿದ್ದರು.

ನೀನು ಹೇಳುವ ಸಾಲನ್ನು ನಮ್ಮ ಆಫೀಸಿನ ಹುಡುಗರು ತೆಗೆದಿರಬೇಕು. ಸಾವಿರಾರು ಸಾಲು ಇದೆ, ಒಂದೊಂದನ್ನೂ ನಾನು ಕಾಯುತ್ತಾ ಕೂರುವುದಿಲ್ಲ. ರಿಪೋರ್ಟ್ ಒಪ್ಪಿಗೆಯಾಗಿದೆ. ಈಗ ಹೋಗಿ ತಪ್ಪಾಗಿದೆ ಅಂದರೆ ನನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಕೊಬ್ಬರಿ ಮಂಡಿ ಮೇಲೆ ಬೋರ್ಡ್ ಹಾಕಿಕೊಂಡು ಇವಳೇನು ಕಡಿದು ಗುಡ್ಡೆ ಹಾಕುತ್ತಾಳೆ ನೋಡೋಣ ಅಂತ ನಮ್ಮ ದೊಡ್ಡಪ್ಪಂದಿರೇ ಕಾಯುತ್ತಿದ್ದಾರೆ. ನಿನಗೆ ಕಾಲೇಜಿನ ಕೆಲಸವಿದೆ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ. ನನಗೆ ಇರುವುದು ಇದೊಂದೇ.

ಜಗಳ ಬೇಡ, ದಾರಿ ಹೇಳುತ್ತೇನೆ. ಮೋರಿಯನ್ನೇ ಮುಚ್ಚಿಸಿಬಿಡೋಣ. ಕೋಡಿ ಕೆಲಸದ ಜೊತೆಯಲ್ಲೇ ಸೇರಿಸಬಹುದು, ಅದೇನು ದೊಡ್ಡ ಕಾಂಕ್ರೀಟಲ್ಲ. ಮೋರಿ ಇಲ್ಲದಿದ್ದರೆ ನನ್ನ ನಕ್ಷೆ ಸರಿಯಾಗುತ್ತೆ, ಯಾರೂ ಏನೂ ವಾಪಸು ತೆಗೆದುಕೊಳ್ಳಬೇಕಿಲ್ಲ. ನಿಮ್ಮವರೂ ಮೇಲಿನ ರಸ್ತೆಯಲ್ಲಿ ತಲೆ ಎತ್ತಿಕೊಂಡು ನಡೆಯಬಹುದು. ಅದಕ್ಕಾದರೂ ಒಪ್ಪು.

ಇನ್ನೊಂದು ವಿಷಯ. ನಕ್ಷೆಯಲ್ಲಿ ಕೆಳಗೇರಿ ನೀಲಿಯಾದರೆ ಅಲ್ಲಿ ಹೊಸ ಮನೆಗಳಿಗೆ ಕೊಟ್ಟಿರುವ ಮಂಜೂರಾತಿಯನ್ನು ನಿಲ್ಲಿಸುತ್ತಾರಂತೆ. ಪಟ್ಟಿಯಲ್ಲಿ ನಿಮ್ಮಣ್ಣನ ಹೆಸರೂ ಇದೆ. ಬೆದರಿಸುತ್ತಿಲ್ಲ. ಅವರನ್ನೇ ಕೇಳಿ ನೋಡು.

ಅಕ್ಷತಾ


ಚಿಕ್ಕಮರಡಿ
೨೦-೪-೨೦೨೫

ತಂಗಿ ಭಾಗ್ಯಂಗೆ ನಿನ್ನ ಅಣ್ಣ ಲಕ್ಷ್ಮೀಶ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದೀವಿ. ಅಮ್ಮನ ಮಂಡಿ ನೋವು ಅಂಗೇ ಐತೆ. ಹದಿನಾಲ್ಕನೇ ತಾರೀಕು ಜಯಂತಿಗೆ ಬತ್ತೀನಿ ಅಂದೋಳು ಬರನಿಲ್ಲ. ಹುಡುಗ್ರು ನಿನ್ನ ಕೈಲಿ ಭಾಷಣ ಮಾಡಿಸ್ಬೇಕು ಅಂತ ಮೈಕು ತಂದು ಕಾದ್ರು. ಮೊನ್ನೆ ನೀನು ಫೋನಲ್ಲಿ ಹೇಳಿದ್ದು ಅರಸೀಕೆರೆ ಮಾರ್ಕೆಟ್ ಗದ್ದಲದಲ್ಲಿ ಅರ್ಧ ಕೇಳುಸ್ತು, ಗಾಡಿಯಿಂದ ಕಾಯಿ ಇಳಿಸ್ತಾ ಇದ್ದೆ. ಉಳಿದರ್ಧ ನಾನೇ ಊಯಿಸ್ಕಂಡೆ. ಬಾಯಲ್ಲಿ ಹೇಳಿದ್ರೆ ನಿನ್ನ ಮುಂದೆ ಗೆಲ್ಲಾಕಾಗಕಿಲ್ಲ, ಅದ್ಕೆ ಬರೀತಾ ಇವ್ನಿ.

ಹಳೇ ಗೋಡೆ ಕೆಡವಾಗೈತೆ ಭಾಗ್ಯ. ಪಾಯದ ಗುಂಡಿ ತೋಡಿದೀವಿ. ಕಲ್ಲು ಬಂದು ಬಿದ್ದೈತೆ. ಅಮ್ಮ ತಗಡಿನ ಶೀಟಿನ ಕೆಳಗೆ ಮಲಗ್ತಾವ್ಳೆ. ಸೆಕೆ ಅಂದ್ರೂ ‘ಆರ್‌ಸಿಸಿ ಆಯ್ತದಲ್ಲ, ಇರ್ಲಿ’ ಅಂತಾಳೆ. ಇಂಥ ಹೊತ್ನಲ್ಲಿ ನೀನು ಕೇರಿಗೆ ನೀಲಿ ಬಣ್ಣ ಬಳಿದ್ರೆ ಏನಾಯ್ತದೆ ಗೊತ್ತಾ? ಅವ್ರು ದೋಣಿ ನಿಲ್ಲಿಸಾಕಿಲ್ಲ. ನಮ್ಮನೆ ನಿಲ್ಲಿಸ್ತಾರೆ. ನಮ್ಮ ಒಂದು ಮನೆ ಅಲ್ಲ, ಕೇರಿಲಿ ಪಾಯ ತೋಡಿರೋರ್ದೆಲ್ಲ. ಆಮೇಲೆ ಊರಲ್ಲಿ ನಿನ್ನ ಹೆಸರು ಹೆಂಗೆ ಹೇಳ್ತಾರೆ ನೀನೇ ಯೋಚ್ನೆ ಮಾಡು.

ದೊಡ್ಡಪ್ಪಂಗೆ ಒಂದು ಮಾತು ಹೇಳಿ ನೋಡ್ದೆ, ಭಾಗ್ಯಾನೇ ಆ ನಕ್ಸೆ ತಪ್ಪು ಅಂತಾವ್ಳೆ ಅಂತ. ನಂಬನಿಲ್ಲ. ‘ಏನ್ಲಾ ಮಾತಾಡ್ತೀಯ, ಅವಳ ಹೆಸ್ರು ಗ್ವಾಡೆ ಮ್ಯಾಲೆ ಐತೆ, ನಾನೇ ಓದಿಸ್ಕಂಡು ಕೇಳಿವ್ನಿ. ಯಾವಳೋ ಹೊಟ್ಟೆಕಿಚ್ಚಿಗೆ ಎಬ್ಬಿಸೌಳೆ’ ಅಂದ. ಅವನು ಒತ್ತಿದ್ಮೇಲೆ ಕೇರಿಯೋರೆಲ್ಲ ಒತ್ತವ್ರೆ.

ನಂಗೂ ಭಯ ಇಲ್ಲ ಅಂತ ಅಲ್ಲ. ಕೋಡಿ ಬಿದ್ದ ವರ್ಷ ನಿನ್ನ ಹೆಗಲ ಮ್ಯಾಲೆ ಕೂರಿಸ್ಕಂಡು ರಸ್ತೆ ಹತ್ತಿದೋನು ನಾನೇ. ಆದ್ರೆ ಏರಿ ಒಡೀಬೋದು, ಒಡೀದೇನೂ ಇರ್ಬೋದು. ಮನೆ ಹೋದ್ರೆ ಮಾತ್ರ ಹೋದಂಗೇಯ. ತಾರಸಿ ಬೀಳಗಂಟ ಸುಮ್ಕಿರು. ಆಮ್ಯಾಕೆ ಏನ್ ಬೇಕಾರ ಬರ್ಕೊ.

ಮೋರಿ ಮುಚ್ತಾರೆ ಅಂದ್ಯಲ್ಲ, ಮುಚ್ಲಿ. ಬಗ್ಗಿ ಬಗ್ಗಿ ಸಾಕಾಗೈತೆ.

ಇಂತಿ
ಲಕ್ಷ್ಮೀಶ


ಬೇಲೂರು
೪ ಮೇ ೨೦೨೫

ಅಕ್ಷತಾ,

ಮೋರಿ ಮುಚ್ಚಿ ಓಡಿಸಿದೆ. ನೀನು ಹೇಳಿದೆಯೆಂದಲ್ಲ, ಅಣ್ಣ ಮುಚ್ಚಲಿ ಎಂದನು, ಅದಕ್ಕೆ. ನಿನ್ನ ಗುಡಿಸುವ ಭಾಗವನ್ನು ತೆಗೆದುಹಾಕಿದ್ದೇನೆ. ರಸ್ತೆಯ ಬಳಿ ಕಣಗಳನ್ನು ಚಿಕ್ಕದಾಗಿ ಒಡೆದಿದ್ದೇನೆ, ಕಿರಿದಾದ ಜಾಗದಲ್ಲೂ ಅವು ಜೊತೆಜೊತೆಯಾಗಿ ಹೋಗುವಂತೆ.

ಮೋರಿ ತೆರೆದಿದ್ದರೆ ನೀರು ಮೊದಲು ಅದರಲ್ಲೇ ಬರುತ್ತದೆ. ಕೇರಿಯಲ್ಲಿ ಪಾದ ಮುಳುಗುತ್ತದೆ, ಆಮೇಲೆ ಮೊಣಕಾಲು. ಮಲಗಿದವರು ಎದ್ದು, ಮುದುಕರನ್ನೂ ಮಕ್ಕಳನ್ನೂ ಎತ್ತಿಕೊಂಡು ರಸ್ತೆ ಹತ್ತುವಷ್ಟು ಹೊತ್ತು ಸಿಗುತ್ತದೆ. ಮುಚ್ಚಿದರೆ ಈಚೆಗೆ ಒಂದು ಹನಿಯೂ ಇಲ್ಲ. ನೀರು ರಸ್ತೆಯ ಹಿಂದೆ ಏರುತ್ತಾ ಹೋಗಿ, ರಸ್ತೆಯ ಉದ್ದಕ್ಕೂ ಒಟ್ಟಿಗೆ ಮಗುಚಿಕೊಳ್ಳುತ್ತದೆ. ನಿನ್ನ ನಕ್ಷೆಯಲ್ಲಿ ರಸ್ತೆ ಮುಳುಗಿರಲಿಲ್ಲ, ಏಕೆಂದರೆ ಅದನ್ನು ಮುಳುಗಿಸಬೇಕಾದ ನೀರನ್ನು ನೀನು ಮೋರಿಯ ಬಾಯಲ್ಲಿ ಅಳಿಸುತ್ತಾ ಬಂದಿದ್ದೆ. ಮೋರಿ ಇಟ್ಟರೂ ಆ ನಕ್ಷೆ ಸರಿಯಾಗುವುದಿಲ್ಲ, ಮುಚ್ಚಿದರೂ ಆಗುವುದಿಲ್ಲ. ಅದು ನಿಜವಾಗಬೇಕಾದರೆ ಮೋರಿಯ ಒಳಗೆ ಹೋದ ನೀರು ಹೊರಗೆ ಬರುವಷ್ಟರಲ್ಲಿ ಇಲ್ಲವಾಗಬೇಕು. ಹಾಗೆ ನಮ್ಮೂರಿನಲ್ಲಿ ಎಂದೂ ಆಗಿಲ್ಲ.

ಕೋಡಿಯನ್ನು ಈಗಿರುವ ಎತ್ತರದಲ್ಲೇ ಬಿಟ್ಟರೆ ನೀರು ಮನೆಗಳ ಜಗಲಿಯವರೆಗೆ ಬರುತ್ತದೆ. ಎತ್ತರಿಸಿದರೆ ಕಿಟಕಿಯವರೆಗೆ. ನಾನು ಕೇಳುವುದು ಇಷ್ಟೇ, ಕೋಡಿ ಎತ್ತರಿಸಬಾರದು. ಹತ್ತೊಂಬತ್ತನೇ ತಾರೀಕು ಸೋಮವಾರ ಕೋಡಿಯ ಕೆಲಸ ಮಾಡಿಸುವ ಇಲ್ಲಿನ ನೀರಾವರಿ ಕಚೇರಿಗೆ ಇಬ್ಬರೂ ಸೇರಿ ಹೋಗಿ ಹೇಳೋಣ. ಲೆಕ್ಕ ತಪ್ಪಿತ್ತು, ತಿದ್ದಿದ್ದೇವೆ ಎಂದರೆ ಸಾಕು. ಯಾರು ತಪ್ಪಿದರು ಎಂದು ನಾನು ಹೇಳುವುದಿಲ್ಲ. ಆ ಸಾಲನ್ನು ಯಾರು ತೆಗೆದರು ಎಂದೂ ಇನ್ನು ಕೇಳುವುದಿಲ್ಲ.

ನೀನು ನಮ್ಮ ಮನೆಗೆ ಬಂದದ್ದು ಸೋಮವಾರವಲ್ಲ. ಅವತ್ತು ಗುರುವಾರ. ನೀನು ಎದ್ದು ಹೋದ ಮೇಲೆ ಆ ರೊಟ್ಟಿಗಳನ್ನು ಅಮ್ಮ ಯಾರಿಗೂ ಬಡಿಸಲಿಲ್ಲ.

ಭಾಗ್ಯ


ಅರಸೀಕೆರೆ
೧೨ ಮೇ ೨೦೨೫

ಭಾಗ್ಯ ಅವರಿಗೆ,

ಗುರುವಾರವೇ ಇರಬಹುದು. ನನಗೆ ನೆನಪಿಲ್ಲ.

ನಿಮ್ಮ ಹೆಸರನ್ನು ತೆಗೆದು ಹೊಸ ನಕ್ಷೆ ಅಂಟಿಸಲು ಹೇಳಿದ್ದೇನೆ, ಬುಧವಾರ ಅಂಟಿಸುತ್ತಾರೆ. ನಕ್ಷೆ ಅದೇ. ಇನ್ನು ಅದಕ್ಕೂ ನಿಮಗೂ ಸಂಬಂಧವಿಲ್ಲ, ನಿಮ್ಮ ಹೆಸರಿಗೆ ಯಾವ ಮಸಿಯೂ ಹತ್ತುವುದಿಲ್ಲ. ನೀವು ಕೇಳಿದ್ದು ಇದನ್ನೇ ಎಂದು ತಿಳಿದಿದ್ದೇನೆ. ಹತ್ತೊಂಬತ್ತಕ್ಕೆ ನನಗೆ ಬೇರೆ ಕೆಲಸವಿದೆ.

ಅಕ್ಷತಾ


ಬೇಲೂರು
೧೮ ಮೇ ೨೦೨೫, ಭಾನುವಾರ

ಅಣ್ಣ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಮೊನ್ನೆ ಊರಿಗೆ ಬಂದಿದ್ದೆ, ಮನೆಗೆ ಬರಲಿಲ್ಲ. ಪಂಚಾಯಿತಿ ಕಚೇರಿಯವರೆಗೆ ಹೋಗಿ ಅದೇ ಬಸ್ಸಿಗೆ ತಿರುಗಿದೆ. ಗೋಡೆಯ ಮೇಲೆ ಹೊಸ ನಕ್ಷೆ ಬಂದಿದೆ. ನನ್ನ ಹೆಸರಿಲ್ಲ. ಕೇರಿ ಮೊದಲಿನ ಹಾಗೇ ಬಿಳಿ. ಹೆಬ್ಬೆಟ್ಟುಗಳು ಕೂಡ ಮೊದಲಿನವೇ ಇರುತ್ತವೆ, ಅವನ್ನು ಯಾರೂ ಮತ್ತೆ ಒತ್ತಿಸಿಕೊಳ್ಳುವುದಿಲ್ಲ.

ಹೆಸರು ತೆಗೆದ ಮೇಲೆ ನಾನು ಸುಮ್ಮನಿರಬಹುದು. ಹಾಗೆಂದು ಎರಡು ದಿನ ಅಂದುಕೊಂಡೆ ಕೂಡ. ನಿನ್ನ ಮಾತು ಸುಳ್ಳಲ್ಲ. ಅವರು ದೋಣಿಯನ್ನಲ್ಲ, ಮನೆಗಳನ್ನೇ ನಿಲ್ಲಿಸಬಹುದು. ನನ್ನ ಲೆಕ್ಕದಿಂದ ನೀರು ಎಲ್ಲಿಗೆ ಬರುತ್ತದೆ ಎಂದು ಹೇಳಬಹುದು, ಕಚೇರಿಯವರು ಅದನ್ನು ನೋಡಿ ಏನು ಮಾಡುತ್ತಾರೆಂದು ಹೇಳಲಾಗುವುದಿಲ್ಲ. ಆದರೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ್ದು ನಕ್ಷೆ ನೋಡಿ ಅಲ್ಲ. ಅಲ್ಲಿ ಹೆಸರಿಲ್ಲವೆಂದು ಹೇಳಿದರೂ ಅವನು ಈಗಲೂ ನನ್ನ ಲೆಕ್ಕವೆಂದೇ ನಂಬಿಕೊಂಡು ಆ ತಗ್ಗಿನಲ್ಲಿ ಮಲಗುತ್ತಾನೆ. ಅಮ್ಮ ಶೀಟಿನ ಕೆಳಗೆ ಮಲಗುತ್ತಾಳೆ.

ನಾಳೆ ಬೆಳಿಗ್ಗೆ ಇಲ್ಲಿನ ನೀರಾವರಿ ಕಚೇರಿ ತೆರೆಯುವ ಹೊತ್ತಿಗೆ ಹೋಗಿ ಎರಡು ನಕ್ಷೆ ಕೊಡುತ್ತೇನೆ. ಎರಡರಲ್ಲೂ ನಮ್ಮ ಕೇರಿ ನೀಲಿ. ಒಂದರಲ್ಲಿ ಕೋಡಿ ಈಗಿನ ಹಾಗೆ, ಜಗಲಿಯವರೆಗೆ ನೀರು. ಇನ್ನೊಂದರಲ್ಲಿ ಕೋಡಿ ಎತ್ತರಿಸಿದ ಮೇಲೆ, ಕಿಟಕಿಯವರೆಗೆ. ಎರಡರ ಕೆಳಗೂ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ. ಅಕ್ಷತಾ ಬರುವುದಿಲ್ಲ.

ಪಾಯದ ಕಲ್ಲನ್ನು ವಾಪಸು ಕಳಿಸಬೇಡ, ಅಲ್ಲೇ ಇರಲಿ. ಮಳೆಗಾಲ ಮುಗಿಯುವವರೆಗೆ ಅಮ್ಮ ನನ್ನ ರೂಮಿನಲ್ಲಿರಲಿ. ನೀನು ಕಳಿಸುವುದಿಲ್ಲ ಎಂದು ಗೊತ್ತು, ಆದರೂ ಬರೆದಿದ್ದೇನೆ. ದೊಡ್ಡಪ್ಪನಿಗೆ ನೀನು ಏನೂ ಹೇಳಬೇಡ. ನಾನೇ ಬಂದು ಹೇಳುತ್ತೇನೆ, ಅವನು ಕೇಳಿಸಿಕೊಂಡರೆ.

ನಕ್ಷೆಗಳು ಈ ಮೇಜಿನ ಮೇಲೇ ಇವೆ. ಈ ಕಾಗದವನ್ನು ಇವತ್ತು ಅಂಚೆ ಡಬ್ಬಿಗೆ ಹಾಕುವುದಿಲ್ಲ, ಫೋನೂ ಮಾಡುವುದಿಲ್ಲ. ನಾಳೆ ಅವನ್ನು ಕೊಟ್ಟು ಹೊರಗೆ ಬಂದ ಮೇಲೆ ಹಾಕುತ್ತೇನೆ. ಮೊದಲೇ ತಿಳಿದರೆ ನೀನು ಗಾಡಿ ತೆಗೆದುಕೊಂಡು ಬಂದು ಕಚೇರಿಯ ಮೆಟ್ಟಿಲ ಮೇಲೆ ನಿಲ್ಲುತ್ತೀಯ. ನೀನು ನಿಂತರೆ ನಾನು ಕೊಡದೆ ತಿರುಗಿ ಬರುತ್ತೇನೆ.

ನಿನ್ನ ತಂಗಿ
ಭಾಗ್ಯ